ಅಕ್ಷಾಂಶ ಮೊದಲೋ, ರೇಖಾಂಶ ಮೊದಲೋ? ಹೊಲದ ಸ್ಥಾನವನ್ನು ಬರೆಯುವ ಕ್ರಮ

ಪೀಠಿಕೆ

ಒಕ್ಕಲಿಗನ ಹೊಲಕ್ಕೆ ಬಹುಕಾಲ ಎರಡೇ ಗುರುತುಗಳಿದ್ದವು. ಮೋಜಣಿ ಖಾತೆಯವರು ಕೊಟ್ಟ ಸರ್ವೇ ನಂಬರು ಮತ್ತು ಹಿಸ್ಸೆ ಒಂದನೆಯದು; ಮೂಡಲಿಗೆ ಹಳ್ಳ, ಪಡುವಲಿಗೆ ಇಂಥವರ ಬದು, ಬಡಗಲಿಗೆ ದಾರಿ ಎಂದು ಊರವರು ಹೇಳುತ್ತ ಬಂದ ಚಕ್ಕುಬಂದಿಯು ಎರಡನೆಯದು. ಈಚಿನ ವರ್ಷಗಳಲ್ಲಿ ಇವುಗಳ ಜೊತೆಗೆ ಮೂರನೆಯದೊಂದು ಗುರುತು ಸೇರಿಕೊಂಡಿರುವದು. ಅದೇ ಅಕ್ಷಾಂಶ ರೇಖಾಂಶಗಳೆಂಬ ಎರಡು ಅಂಕಿಗಳ ಜೋಡಿ. ಬೆಳೆ ಸಮೀಕ್ಷೆಯ ಕಾಲಕ್ಕೆ ಹೊಲದಲ್ಲಿ ನಿಂತು ಭಾವಚಿತ್ರ ತೆಗೆದಾಗ ಈ ಜೋಡಿಯು ಚಿತ್ರದೊಡನೆ ದಾಖಲಾಗುವದು. ಮಣ್ಣಿನ ಮಾದರಿಯನ್ನು ತೆಗೆದ ಸ್ಥಳವನ್ನೂ, ಬೆಳೆ ಕಟಾವಿನ ಪ್ರಯೋಗವು ನಡೆದ ತಾಕನ್ನೂ, ಕೃಷಿಹೊಂಡ, ಕೊಳವೆಬಾವಿಗಳ ಸ್ಥಾನವನ್ನೂ ಇದರಿಂದಲೇ ಗುರುತಿಸುವರು.

ಅಂಕಿಗಳೇನೋ ಎರಡೇ. ಆದರೆ ಇವುಗಳಲ್ಲಿ ಯಾವದನ್ನು ಮೊದಲು ಬರೆಯಬೇಕು, ಯಾವದನ್ನು ಆಮೇಲೆ ಬರೆಯಬೇಕು ಎಂಬ ಬಗ್ಗೆ ಲೋಕದಲ್ಲಿ ಒಂದೇ ರೂಢಿಯಿಲ್ಲ. ಕೆಲವರು ಅಕ್ಷಾಂಶವನ್ನು ಮೊದಲು ಬರೆಯುತ್ತಾರೆ. ಕೆಲವು ಯಂತ್ರಗಳು ರೇಖಾಂಶವನ್ನು ಮೊದಲು ಕೇಳುತ್ತವೆ. ಒಂದು ರೂಢಿಯಲ್ಲಿ ಬರೆದುದನ್ನು ಇನ್ನೊಂದು ರೂಢಿಯಲ್ಲಿ ಓದಿದರೆ ಹೊಲವು ಇದ್ದಲ್ಲಿಂದ ಸಾವಿರಾರು ಹರದಾರಿ ದೂರ ಹೋಗಿ ಬೀಳುವದು. ಆದಕಾರಣ ಈ ಕ್ರಮದ ವಿಚಾರವನ್ನು ಬಾದಾಮಿ ತಾಲೂಕಿನ ಚೊಳಚಗುಡ್ಡ ಗ್ರಾಮವನ್ನು ಉದಾಹರಣೆಯಾಗಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ. ವಾಚಕರು ತಮ್ಮ ತಮ್ಮ ಊರಿನ ಅಂಕಿಗಳನ್ನು ಹಚ್ಚಿ ನೋಡಿಕೊಳ್ಳತಕ್ಕದ್ದು.

1. ಎರಡು ಅಂಕಿಗಳ ಅರ್ಥ

ಭೂಗೋಲದ ನಡುವೆ ಮೂಡಲಿಂದ ಪಡುವಲಿಗೆ ಸುತ್ತಿದ ಗೆರೆಗೆ ಭೂಮಧ್ಯರೇಖೆಯೆಂದು ಹೆಸರು. ಒಂದು ಸ್ಥಳವು ಆ ಗೆರೆಯಿಂದ ಉತ್ತರಕ್ಕೆ ಅಥವಾ ದಕ್ಷಿಣಕ್ಕೆ ಎಷ್ಟು ದೂರವಿದೆಯೆಂಬದನ್ನು ತಿಳಿಸುವ ಅಳತೆಯೇ ಅಕ್ಷಾಂಶ. ಇಂಗ್ಲಂಡಿನ ಗ್ರೀನಿಚ್ಚಿನ ಮೇಲೆ ಉತ್ತರಧ್ರುವದಿಂದ ದಕ್ಷಿಣಧ್ರುವಕ್ಕೆ ಎಳೆದ ಗೆರೆಯನ್ನು 1884ರಲ್ಲಿ ವಾಶಿಂಗ್ಟನ್ನಿನಲ್ಲಿ ಕೂಡಿದ ಪರಿಷತ್ತು ಮೂಲರೇಖೆಯೆಂದು ಗೊತ್ತುಪಡಿಸಿತು. ಆ ಗೆರೆಯಿಂದ ಪೂರ್ವಕ್ಕೆ ಅಥವಾ ಪಶ್ಚಿಮಕ್ಕೆ ಇರುವ ಅಳತೆಯೇ ರೇಖಾಂಶ. ಎರಡನ್ನೂ ಅಂಶಗಳಲ್ಲಿ ಎಣಿಸುವರು. ಒಂದು ಅಂಶಕ್ಕೆ 60 ಕಲೆ, ಒಂದು ಕಲೆಗೆ 60 ವಿಕಲೆ. ಇವುಗಳನ್ನೇ ವ್ಯವಹಾರದಲ್ಲಿ ಡಿಗ್ರಿ, ಮಿನಿಟು, ಸೆಕೆಂಡುಗಳೆಂದು ಕರೆಯುವರು. ಅಕ್ಷಾಂಶವು 90ನ್ನು ಮೀರುವದಿಲ್ಲ. ರೇಖಾಂಶವು 180ರ ವರೆಗೆ ಹೋಗುವದು.

ಇಲ್ಲಿ ಹೊಸಬರಿಗೆ ಒಂದು ತೊಡಕು ಬರುವದುಂಟು. ಅಕ್ಷಾಂಶದ ಗೆರೆಗಳು ನಕಾಶೆಯ ಮೇಲೆ ಅಡ್ಡಲಾಗಿ, ಎಂದರೆ ಮೂಡಲಿಂದ ಪಡುವಲಿಗೆ ಓಡುತ್ತವೆ. ಆದರೆ ಅವು ತಿಳಿಸುವದು ಬಡಗಣ ತೆಂಕಣ ದೂರವನ್ನು. ಇದನ್ನು ಬಿತ್ತಿದ ಹೊಲದ ಸಾಲುಗಳಿಂದ ತಿಳಿಯಬಹುದು. ಮೂಡಲಿಂದ ಪಡುವಲಿಗೆ ಕೂರಿಗೆ ಹೊಡೆದ ಹೊಲದಲ್ಲಿ ತೆಂಕಣ ಬದುವಿನಿಂದ ಎಣಿಸಿ “ಹತ್ತನೆಯ ಸಾಲು” ಎಂದರೆ, ಸಾಲು ಅಡ್ಡ ಇದ್ದರೂ ಆ ಮಾತು ಹೇಳುವದು ತೆಂಕಣ ಬದುವಿನಿಂದ ಎಷ್ಟು ಮೇಲೆ ಬಂದೆವೆಂಬದನ್ನು. ಅದೇ ಸಾಲಿನಲ್ಲಿ ಪಡುವಣ ಬದುವಿನಿಂದ ಎಣಿಸಿ “ಇಪ್ಪತ್ತನೆಯ ಗಿಡ” ಎಂದರೆ ಅದು ರೇಖಾಂಶದಂತೆ. ಸಾಲು ಯಾವದು, ಗಿಡ ಯಾವದು ಎಂಬೆರಡು ಗೊತ್ತಾದರೆ ಗಿಡವನ್ನು ಕತ್ತಲೆಯಲ್ಲಿಯೂ ಹುಡುಕಬಹುದು. ಆದರೆ “ಹತ್ತು, ಇಪ್ಪತ್ತು” ಎಂದಷ್ಟೇ ಹೇಳಿದರೆ, ಹತ್ತನೆಯ ಸಾಲಿನ ಇಪ್ಪತ್ತನೆಯ ಗಿಡವೋ, ಇಪ್ಪತ್ತನೆಯ ಸಾಲಿನ ಹತ್ತನೆಯ ಗಿಡವೋ ಎಂಬದು ತಿಳಿಯದು. ಈ ಲೇಖನದ ಪ್ರಶ್ನೆಯೆಲ್ಲವೂ ಇಷ್ಟೇ.

ಇಂಥ ಒಪ್ಪಂದವು ನಮ್ಮ ವ್ಯವಹಾರಕ್ಕೆ ಹೊಸದಲ್ಲ. ಸರ್ವೇ ನಂಬರು 45/2 ಎಂದರೆ 45ನೆಯ ನಂಬರಿನ 2ನೆಯ ಹಿಸ್ಸೆಯೆಂದು ಯಾರೂ ಹೇಳದೆ ತಿಳಿಯುವರು. ಅದನ್ನು 2/45 ಎಂದು ಬರೆದರೆ ಅದು ಬೇರೆಯೇ ಜಮೀನು. ಬರೆಯುವವನೂ ಓದುವವನೂ ಒಂದೇ ಕ್ರಮವನ್ನು ಒಪ್ಪಿದಾಗಲೇ ಅಂಕಿಗಳಿಗೆ ಬೆಲೆಯುಂಟು.

2. ಚೊಳಚಗುಡ್ಡದ ಸ್ಥಾನ

ಚೊಳಚಗುಡ್ಡವು ಮಲಪ್ರಭೆಯ ದಂಡೆಯ ಮೇಲಿನ ಗ್ರಾಮ. ಬಾದಾಮಿಯಿಂದ ಸುಮಾರು 5 ಕಿಲೋಮೀಟರ ದೂರದಲ್ಲಿದೆ. ಪುಷ್ಯಮಾಸದ ಬನಶಂಕರಿಯ ಜಾತ್ರೆಯಿಂದ ಈ ಊರು ನಾಡಿಗೆಲ್ಲ ಪರಿಚಿತವಾಗಿರುವದು. ದೇವಾಲಯದ ಸುತ್ತಿನ ತೆಂಗು, ಬಾಳೆ, ಎಲೆಬಳ್ಳಿಯ ತೋಟಗಳನ್ನು ಜಾತ್ರೆಗೆ ಬಂದವರೆಲ್ಲ ಕಂಡಿರುವರು. ಈ ಸ್ಥಳದ ಅಕ್ಷಾಂಶವು ಸುಮಾರು 15 ಅಂಶ 53 ಕಲೆ ಉತ್ತರ. ರೇಖಾಂಶವು ಸುಮಾರು 75 ಅಂಶ 42 ಕಲೆ ಪೂರ್ವ. ಭಾರತ ಸರ್ವೇಕ್ಷಣ ಖಾತೆಯ ಹಳೆಯ ಶ್ರೇಣಿಯ ನಕಾಶೆಗಳಲ್ಲಿ ಇದು 48 ಎಂ/9 ಎಂಬ ಹಾಳೆಯೊಳಗೆ ಬರುವದು.

ಈ ಎರಡು ಅಂಕಿಗಳನ್ನು ಯಂತ್ರವಿಲ್ಲದೆಯೂ ಆಕಾಶದಲ್ಲಿ ಕಾಣಬಹುದು. ಒಂದು ಊರಿನ ಅಕ್ಷಾಂಶವೆಷ್ಟೋ, ಅಲ್ಲಿ ಧ್ರುವನಕ್ಷತ್ರವು ಬಡಗಣ ದಿಗಂತದಿಂದ ಹೆಚ್ಚು ಕಡಿಮೆ ಅಷ್ಟೇ ಅಂಶ ಎತ್ತರದಲ್ಲಿರುವದು. ಕೈಯನ್ನು ನೀಳವಾಗಿ ಚಾಚಿ ಹಿಡಿದ ಮುಷ್ಟಿಯು ಸುಮಾರು 10 ಅಂಶವನ್ನು ಮುಚ್ಚುವದು. ಆದ್ದರಿಂದ ಚೊಳಚಗುಡ್ಡದ ಬಯಲಿನಲ್ಲಿ ನಿಂತವನಿಗೆ ಧ್ರುವನು ಒಂದೂವರೆ ಮುಷ್ಟಿಗಿಂತ ತುಸು ಮೇಲೆ ಕಾಣಿಸಬೇಕು. ಹಾಗೆಯೇ ಮೇ ತಿಂಗಳ ಮೊದಲ ವಾರದಲ್ಲಿಯೂ ಆಗಸ್ಟ್ 8-9ರ ಸುಮಾರಿಗೂ ಸೂರ್ಯನು ನಡುಹಗಲಲ್ಲಿ ನೆತ್ತಿಯ ಮೇಲೆಯೇ ಬಂದು, ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳಿಲ್ಲದಂತಾಗುವದು.

ರೇಖಾಂಶವು ತೋರುವದು ಕಾಲದಲ್ಲಿ. ಭಾರತದ ಗಡಿಯಾರವನ್ನು 82 ಅಂಶ 30 ಕಲೆಯ ರೇಖಾಂಶಕ್ಕೆ ಹೊಂದಿಸಿರುವರು. ಚೊಳಚಗುಡ್ಡವು ಅದಕ್ಕಿಂತ 6 ಅಂಶ 48 ಕಲೆ ಪಶ್ಚಿಮಕ್ಕಿದೆ. ಪೃಥ್ವಿಯು ಒಂದು ಅಂಶ ತಿರುಗಲು 4 ಮಿನಿಟು ಹಿಡಿಯುವದರಿಂದ, ಗಡಿಯಾರದಲ್ಲಿ 12 ಹೊಡೆದ ಮೇಲೆ ಸರಾಸರಿ 27 ಮಿನಿಟಿಗೆ ಇಲ್ಲಿ ನಿಜವಾದ ನಡುಹಗಲಾಗುವದು.

ಇನ್ನೊಂದು ಸಂಗತಿಯು ಗಮನಾರ್ಹವಾದದ್ದು. ಗ್ರೀನಿಚ್ಚಿನ ಹೆಸರು ಹುಟ್ಟುವದಕ್ಕೆ ಎಷ್ಟೋ ಮೊದಲೇ ನಮ್ಮ ಜ್ಯೋತಿಷಿಗಳು ಲಂಕೆಯಿಂದ ಉಜ್ಜಯಿನಿಯ ಮೇಲೆ ಮೇರುವಿನ ವರೆಗೆ ಹೋಗುವ ಮಧ್ಯರೇಖೆಯನ್ನು ಕಲ್ಪಿಸಿ, ಅಲ್ಲಿಂದ ದೇಶಾಂತರವನ್ನು ಎಣಿಸುತ್ತಿದ್ದರು. ಉಜ್ಜಯಿನಿಯ ರೇಖಾಂಶವು ಇಂದಿನ ಲೆಕ್ಕದಲ್ಲಿ ಸುಮಾರು 75 ಅಂಶ 46 ಕಲೆ. ಎಂದರೆ ಚೊಳಚಗುಡ್ಡವು ಆ ಪ್ರಾಚೀನ ಮಧ್ಯರೇಖೆಗೆ ನಾಲ್ಕೇ ಕಲೆ, ಸುಮಾರು 7 ಕಿಲೋಮೀಟರ, ಪಶ್ಚಿಮಕ್ಕಿರುವದು. ಉಜ್ಜಯಿನಿಯ ಎಣಿಕೆಯಲ್ಲಿ ಈ ಊರಿನ ದೇಶಾಂತರವು ಹೆಚ್ಚು ಕಡಿಮೆ ಸೊನ್ನೆಯೇ ಸರಿ.

3. ಎರಡು ಕ್ರಮಗಳು ಏಕೆ ಹುಟ್ಟಿದವು

ಎರಡನೆಯ ಶತಮಾನದ ಗ್ರೀಕ ಪಂಡಿತ ಟಾಲೆಮಿಯು ತನ್ನ ಭೂಗೋಲಗ್ರಂಥದಲ್ಲಿ ಸಾವಿರಾರು ಊರುಗಳನ್ನು ಪಟ್ಟಿ ಮಾಡಿ, ಪ್ರತಿಯೊಂದರ ಮುಂದೆ ಎರಡು ಅಂಕಿಗಳನ್ನು ಕೊಟ್ಟನು. ಅವನು ಮೊದಲು ಬರೆದದ್ದು ರೇಖಾಂಶವನ್ನು, ಅಕ್ಷಾಂಶವು ಆಮೇಲೆ. ಅವನ ಪಟ್ಟಿಯಲ್ಲಿ ಬರುವ “ಬಾದಿಯಾಮಯೋಯ್” ಎಂಬುದು ನಮ್ಮ ಬಾದಾಮಿಯೇ ಎಂದು ವಿದ್ವಾಂಸರು ಗುರುತಿಸಿರುವರು. ಹಾಗಾದರೆ ಈ ಸೀಮೆಗೆ ಮೊಟ್ಟಮೊದಲು ಬರೆದಿಟ್ಟ ಜೋಡಿಯು ರೇಖಾಂಶ ಮೊದಲಿನ ಕ್ರಮದ್ದಾಗಿತ್ತೆಂದಾಯಿತು.

ಮುಂದೆ ನಾವಿಕರ ಕಾಲದಲ್ಲಿ ಈ ಕ್ರಮವು ತಿರುಗಿತು. ಸಮುದ್ರದ ನಡುವೆ ಅಕ್ಷಾಂಶವನ್ನು ಸೂರ್ಯನ ಇಲ್ಲವೆ ಧ್ರುವನ ಎತ್ತರದಿಂದ ಸುಲಭವಾಗಿ ತಿಳಿಯಬಹುದಾಗಿತ್ತು. ರೇಖಾಂಶಕ್ಕೆ ಮಾತ್ರ ಹೊರಟ ಊರಿನ ಹೊತ್ತನ್ನು ತಪ್ಪದೆ ತೋರಿಸುವ ಗಡಿಯಾರ ಬೇಕು. ಹಡಗಿನ ಓಲಾಟಕ್ಕೆ ಕೆಡದ ಅಂಥ ಗಡಿಯಾರವನ್ನು ಇಂಗ್ಲಂಡಿನ ಜಾನ್ ಹ್ಯಾರಿಸನ್ನನು 18ನೆಯ ಶತಮಾನದಲ್ಲಿ ಸಿದ್ಧಪಡಿಸುವ ವರೆಗೆ ನಾವಿಕರು ರೇಖಾಂಶವನ್ನು ಅಂದಾಜಿನಿಂದಲೇ ಬರೆಯುತ್ತಿದ್ದರು. ಖಚಿತವಾಗಿ ಗೊತ್ತಾದದ್ದನ್ನು ಮೊದಲು, ಅಂದಾಜಿನದನ್ನು ಆಮೇಲೆ ಬರೆಯುವದು ಸಹಜವಷ್ಟೆ. ಅಕ್ಷಾಂಶವು ಮೊದಲಾಗುವ ರೂಢಿಯು ಹೀಗೆ ಬಲಗೊಂಡಿತು. ಲ್ಯಾಂಬ್ಟನ್ನನು 1800ರಲ್ಲಿ ಬೆಂಗಳೂರಿನ ಹತ್ತಿರ ಆಧಾರರೇಖೆಯನ್ನು ಅಳೆದು, 1802ರ ಏಪ್ರಿಲ್ 10ರಂದು ಮದರಾಸಿನಲ್ಲಿ ಆರಂಭಿಸಿದ ತ್ರಿಕೋಣಮಿತಿಯ ಮಹಾಮೋಜಣಿಯ ಪಟ್ಟಿಗಳಲ್ಲಿಯೂ ಇದೇ ಕ್ರಮವು ನಡೆದುಬಂದಿತು.

ಇತ್ತ ಗಣಿತಜ್ಞರ ರೂಢಿಯು ಬೇರೆ. ಶಾಲೆಯಲ್ಲಿ ಆಲೇಖ್ಯದ ಕಾಗದದ ಮೇಲೆ ಬಿಂದುವನ್ನು ಗುರುತಿಸುವಾಗ ಮೊದಲು ಅಡ್ಡ ದೂರವನ್ನು, ಆಮೇಲೆ ಮೇಲಣ ದೂರವನ್ನು ಬರೆಯಲು ಕಲಿಸುವರು. ಎಂದರೆ ಮೊದಲು “ಎಕ್ಸ್”, ಆಮೇಲೆ “ವೈ”. ಉತ್ತರವನ್ನು ಮೇಲಿಟ್ಟ ನಕಾಶೆಯಲ್ಲಿ ಅಡ್ಡ ದೂರವೆಂದರೆ ಪೂರ್ವ ಪಶ್ಚಿಮದ ದೂರ, ಅದೇ ರೇಖಾಂಶ. ಗಣಕಯಂತ್ರಗಳಲ್ಲಿ ನಕಾಶೆ ಬರೆಯುವ ಕ್ರಮಾವಳಿಗಳನ್ನು ರಚಿಸಿದವರು ಈ ಗಣಿತದ ಕ್ರಮವನ್ನೇ ಹಿಡಿದದ್ದರಿಂದ, ಯಂತ್ರದೊಳಗೆ ರೇಖಾಂಶವು ಮೊದಲಾಗಿ ಉಳಿಯಿತು. ಎರಡು ಕ್ರಮಗಳಿಗೂ ತಕ್ಕ ಕಾರಣಗಳಿವೆ. ಒಂದನ್ನು ಸರಿ, ಇನ್ನೊಂದನ್ನು ತಪ್ಪು ಎನ್ನಲಾಗದು. ತಪ್ಪಾಗುವದು ಒಂದನ್ನು ಇನ್ನೊಂದೆಂದು ಓದಿದಾಗ.

4. ಯಾವ ಕಡೆಗೆ ಯಾವ ಕ್ರಮ

ಅಕ್ಷಾಂಶ ಮೊದಲಾಗುವ ಕಡೆಗಳು:

(ಅ) ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ 6709ನೆಯ ಮಾನಕ. ಇದು ಮೊದಲು 1983ರಲ್ಲಿ ಹೊರಟು 2008ರಲ್ಲಿಯೂ 2022ರಲ್ಲಿಯೂ ಪರಿಷ್ಕೃತವಾಯಿತು. ಇದರಂತೆ ಮೊದಲು ಅಕ್ಷಾಂಶ, ಆಮೇಲೆ ರೇಖಾಂಶ. ಉತ್ತರ ಮತ್ತು ಪೂರ್ವಗಳಿಗೆ ಕೂಡಿಸುವ ಚಿಹ್ನೆ, ದಕ್ಷಿಣ ಮತ್ತು ಪಶ್ಚಿಮಗಳಿಗೆ ಕಳೆಯುವ ಚಿಹ್ನೆ.

(ಆ) ಕೈಯಲ್ಲಿ ಹಿಡಿಯುವ ಜಿ.ಪಿ.ಎಸ್. ಯಂತ್ರಗಳ ಪರದೆ, ಮತ್ತು ಗೂಗಲ್ ನಕಾಶೆಯಲ್ಲಿ ಸ್ಥಳ ಹುಡುಕಲು ಅಂಕಿಗಳನ್ನು ಬರೆಯುವ ಜಾಗ.

(ಇ) ನಮ್ಮ ಭಾಷೆಯ ಮಾತಿನ ರೂಢಿ. “ಅಕ್ಷಾಂಶ ರೇಖಾಂಶ” ಎನ್ನುತ್ತೇವೆಯೇ ಹೊರತು “ರೇಖಾಂಶ ಅಕ್ಷಾಂಶ” ಎನ್ನುವದಿಲ್ಲ.

ರೇಖಾಂಶ ಮೊದಲಾಗುವ ಕಡೆಗಳು:

(ಅ) “ಕೆ.ಎಂ.ಎಲ್.” ಎಂಬ ಕಡತ. ಹೊಲದ ಮೇರೆಯನ್ನು ಉಪಗ್ರಹದ ಚಿತ್ರದ ಮೇಲೆ ಎಳೆದು ಉಳಿಸಿದಾಗ ಸಾಮಾನ್ಯವಾಗಿ ಈ ಕಡತವು ಸಿದ್ಧವಾಗುವದು. ಇದರಲ್ಲಿ ಮೊದಲು ರೇಖಾಂಶ, ಆಮೇಲೆ ಅಕ್ಷಾಂಶ, ಕೊನೆಗೆ ಸ್ಥಳದ ಎತ್ತರ.

(ಆ) “ಜಿಯೋಜೇಸನ್” ಎಂಬ ಕಡತ. 2016ರಲ್ಲಿ ಗೊತ್ತಾದ ಇದರ ನಿಯಮದಲ್ಲಿ ರೇಖಾಂಶವೇ ಮೊದಲೆಂದು ಸ್ಪಷ್ಟವಾಗಿ ಹೇಳಿದೆ.

(ಇ) “ಎಕ್ಸ್, ವೈ” ಎಂಬ ತಲೆಬರಹವುಳ್ಳ ಬಹುತೇಕ ಕೋಷ್ಟಕಗಳು.

ವಾಚಕರು ಇಲ್ಲಿ ಒಂದನ್ನು ಗಮನಿಸಿರಬೇಕು. ಗೂಗಲ್ ಸಂಸ್ಥೆಯ ನಕಾಶೆಯಲ್ಲಿ ಹುಡುಕುವಾಗ ಅಕ್ಷಾಂಶವನ್ನು ಮೊದಲು ಬರೆಯಬೇಕು. ಅದೇ ಸಂಸ್ಥೆಯ ಭೂಗೋಲದರ್ಶನದಿಂದ ಉಳಿಸಿದ ಕೆ.ಎಂ.ಎಲ್. ಕಡತವನ್ನು ಬಿಚ್ಚಿ ನೋಡಿದರೆ ರೇಖಾಂಶವು ಮೊದಲಿರುವದು. ಒಂದರಿಂದ ನಕಲು ಮಾಡಿ ಇನ್ನೊಂದರಲ್ಲಿ ಅಂಟಿಸುವವರು ಎಡವುವದು ಇಲ್ಲಿಯೇ. ನಕಾಶೆಯ ಕೆಲಸ ಮಾಡುವ ಗಣಕಸಹಾಯಕರಿಗೆ ಇನ್ನೂ ಒಂದು ಎಚ್ಚರಿಕೆ: ಇ.ಪಿ.ಎಸ್.ಜಿ. 4326 ಎಂಬ ಹೆಸರಾಂತ ಪದ್ಧತಿಯ ವ್ಯಾಖ್ಯೆಯಲ್ಲಿ ಅಕ್ಷಾಂಶವು ಮೊದಲಿದ್ದರೂ, ಅದನ್ನು ಬಳಸುವ ಎಷ್ಟೋ ಕ್ರಮಾವಳಿಗಳು ರೇಖಾಂಶವನ್ನೇ ಮೊದಲಿಡುತ್ತವೆ. ಪದ್ಧತಿಯ ಹೆಸರನ್ನು ನೋಡಿ ಕ್ರಮವನ್ನು ಊಹಿಸಲಾಗದು.

5. ಕ್ರಮ ತಪ್ಪಿದರೆ ಆಗುವದೇನು

ಚೊಳಚಗುಡ್ಡದ ಜೋಡಿಯನ್ನು ದಶಮಾಂಶದಲ್ಲಿ 15.883, 75.700 ಎಂದು ಬರೆಯುವರು. ಇದನ್ನು ತಿರುಗಿಸಿ 75.700 ಅಕ್ಷಾಂಶ, 15.883 ರೇಖಾಂಶವೆಂದು ಓದಿದರೆ ಆ ಸ್ಥಳವು ಉತ್ತರಧ್ರುವದ ಕಡೆಗೆ, ನಾರ್ವೆಗೆ ಸೇರಿದ ಸ್ಪಿಟ್ಸ್‌ಬರ್ಗೆನ್ ದ್ವೀಪದ ದಕ್ಷಿಣದ ಕೊರೆಯುವ ಸಮುದ್ರದಲ್ಲಿ ಬೀಳುವದು. ಮಲಪ್ರಭೆಯ ದಂಡೆಯಿಂದ ಅದು ಸುಮಾರು 7,500 ಕಿಲೋಮೀಟರ ದೂರ. ಯಂತ್ರಕ್ಕೆ ಇದು ಅಸಂಬದ್ಧವೆಂದು ತೋರುವದಿಲ್ಲ. 75 ಎಂಬುದು 90ಕ್ಕಿಂತ ಕಡಿಮೆಯಿರುವದರಿಂದ ಅದು ಅಕ್ಷಾಂಶವಾಗಬಲ್ಲದೆಂದು ಒಪ್ಪಿಕೊಂಡು ಸುಮ್ಮನಾಗುವದು. ರೇಖಾಂಶವು 90ನ್ನು ಮೀರಿದ ಅರುಣಾಚಲ ಅಥವಾ ಅಸಾಮದ ಊರಾಗಿದ್ದರೆ ಯಂತ್ರವೇ ಆಕ್ಷೇಪಿಸಬಹುದು. ಕರ್ನಾಟಕದವರಿಗೆ ಆ ಸೌಕರ್ಯವಿಲ್ಲ.

ಇದು ಬರಿಯ ವಿನೋದದ ವಿಷಯವಲ್ಲ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯ ಯೋಜನೆಯಲ್ಲಿ ನೀರಾವರಿಯ ಭೂಮಿಗೆ 2.5 ಹೆಕ್ಟೇರಿಗೊಂದರಂತೆ, ಮಳೆಯಾಶ್ರಿತ ಭೂಮಿಗೆ 10 ಹೆಕ್ಟೇರಿಗೊಂದರಂತೆ ಚೌಕಗಳನ್ನು ಮಾಡಿ ಮಾದರಿ ತೆಗೆಯುವದೆಂದು ಗೊತ್ತಾಗಿತ್ತು. ಮಾದರಿಯ ಜೊತೆಗಿನ ಅಂಕಿಗಳು ತಪ್ಪಿದರೆ, ಎರೆಭೂಮಿಯ ಮಣ್ಣಿನ ಪರೀಕ್ಷೆಯು ಮಸಾರಿಯ ಚೌಕಕ್ಕೆ ಹೋಗಿ ಅಂಟಿಕೊಳ್ಳಬಹುದು. ಇಲ್ಲವೆ ಯಾವ ಚೌಕಕ್ಕೂ ಸೇರದೆ ಉಳಿಯಬಹುದು. ಗೊಬ್ಬರದ ಸಲಹೆಯು ಹೋಗಬೇಕಾದ ಹೊಲಕ್ಕೆ ಹೋಗದು.

ಬೆಳೆನಷ್ಟದ ಕಾಲದಲ್ಲಿ ಇದು ಇನ್ನೂ ದೊಡ್ಡ ಮಾತು. 2019ರ ಆಗಸ್ಟ್ ತಿಂಗಳಲ್ಲಿ ಮಲಪ್ರಭೆಗೆ ಮಹಾಪೂರ ಬಂದು ಬಾದಾಮಿ ತಾಲೂಕಿನ ನದೀತೀರದ ಊರುಗಳು ಜಲಾವೃತವಾದವು. ಪಟ್ಟದಕಲ್ಲಿನ ದೇವಾಲಯಗಳ ಅಂಗಳಕ್ಕೂ ನೀರು ನುಗ್ಗಿತು. ಇಂಥ ಪೂರದಲ್ಲಿ ಬದು ಒಡೆದು, ಕಲ್ಲು ಮುಚ್ಚಿ, ಹೂಳು ನಿಂತ ಮೇಲೆ ಚಕ್ಕುಬಂದಿಯು ಕಣ್ಣಿಗೆ ಕಾಣಿಸದು. ಆಗ ಹೊಲವೆಲ್ಲಿತ್ತೆಂಬದನ್ನು ಮೊದಲೇ ಬರೆದಿಟ್ಟ ಅಂಕಿಗಳು ಹೇಳಬಲ್ಲವು, ಅವು ಸರಿಯಾಗಿದ್ದರೆ. 2016ರಲ್ಲಿ ಜಾರಿಗೆ ಬಂದ ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲಿನಂಥ ಸ್ಥಾನಿಕ ಆಪತ್ತುಗಳ ವರದಿಯನ್ನು 72 ತಾಸಿನೊಳಗೆ ಕೊಡತಕ್ಕದ್ದಿದೆ. ಆ ಗಡಿಬಿಡಿಯಲ್ಲಿ ಕೈಬರಹದ ಅರ್ಜಿಯಲ್ಲಿಯೂ ವಾಟ್ಸಾಪ್ ಸಂದೇಶದಲ್ಲಿಯೂ ಅಂಕಿಗಳು ತಿರುವುಮುರುವಾಗುವ ಸಂಭವವು ಹೆಚ್ಚು. ಮೊಬಾಯಿಲ್ ತಾನಾಗಿ ದಾಖಲಿಸಿದ ಅಂಕಿಗಳು ಬಹುಮಟ್ಟಿಗೆ ಕ್ರಮವಾಗಿಯೇ ಇರುವವು; ಅವನ್ನು ಮನುಷ್ಯನು ಒಂದೆಡೆಯಿಂದ ಇನ್ನೊಂದೆಡೆಗೆ ಬರೆದುಕೊಳ್ಳುವಾಗಲೇ ಕ್ರಮ ಕೆಡುವದು.

6. ತಪ್ಪನ್ನು ಕಂಡುಹಿಡಿಯುವ ಉಪಾಯ

ನಮ್ಮ ದೇಶದ ಪುಣ್ಯವೆಂದರೆ ಇಲ್ಲಿ ಎರಡು ಅಂಕಿಗಳು ಒಂದರ ಮೇಲೊಂದು ಬರುವದಿಲ್ಲ. ಭಾರತದ ಮುಖ್ಯ ಭೂಭಾಗದ ಅಕ್ಷಾಂಶವು ಸುಮಾರು 8ರಿಂದ 37ರ ವರೆಗೆ. ರೇಖಾಂಶವು ಸುಮಾರು 68ರಿಂದ 97ರ ವರೆಗೆ. ಕರ್ನಾಟಕದಲ್ಲಂತೂ ಅಕ್ಷಾಂಶವು 11.5ರಿಂದ 18.5ರೊಳಗೆ, ರೇಖಾಂಶವು 74ರಿಂದ 78.6ರೊಳಗೆ ಇರುವದು. ಆದ್ದರಿಂದ ನೆನಪಿಡತಕ್ಕ ಸೂತ್ರವು ಇಷ್ಟೇ: ಚಿಕ್ಕ ಅಂಕಿಯು ಅಕ್ಷಾಂಶ, ದೊಡ್ಡ ಅಂಕಿಯು ರೇಖಾಂಶ. ಕಾಗದದಲ್ಲಿ 75ರ ಅಂಕಿಯು ಮೊದಲು ಬಂದಿದ್ದರೆ ಬರೆದವನು ರೇಖಾಂಶ ಮೊದಲಿನ ಕ್ರಮವನ್ನು ಹಿಡಿದಿರುವನೆಂದು ಕೂಡಲೆ ತಿಳಿಯಬಹುದು.

ಈ ಸೂತ್ರವು ಎಲ್ಲ ದೇಶಗಳಿಗೂ ಸಲ್ಲದು. ತುರ್ಕಸ್ಥಾನದ ಎರ್ಜಿಂಜಾನ್ ಪಟ್ಟಣದ ಅಕ್ಷಾಂಶವು ಸುಮಾರು 39.75, ರೇಖಾಂಶವು ಸುಮಾರು 39.5. ಅಲ್ಲಿ ಅಂಕಿಗಳು ತಿರುವುಮುರುವಾದರೆ ಸ್ಥಳವು ಮೂವತ್ತು ನಾಲ್ವತ್ತು ಕಿಲೋಮೀಟರ ಮಾತ್ರ ಸರಿದು, ಅದೇ ನಾಡಿನ ಬೇರೊಂದು ಬೆಟ್ಟದ ಮೇಲೆ ಬೀಳುವದು. ತಪ್ಪು ಯಾರ ಕಣ್ಣಿಗೂ ಬೀಳದು. ನಮ್ಮ ತಪ್ಪು ಸಮುದ್ರಕ್ಕೆ ಬೀಳುವದರಿಂದಲೇ ನೋಡಿದವರಿಗೆ ಬೇಗ ಸಿಕ್ಕುವದು. ಆದರೆ ನೋಡುವವರು ಬೇಕು.

ಇನ್ನೂ ಎರಡು ಗುರುತುಗಳುಂಟು. ಎರಡೂ ಅಂಕಿಗಳು ಸೊನ್ನೆಯಾಗಿದ್ದರೆ ಯಂತ್ರಕ್ಕೆ ಉಪಗ್ರಹದ ಸಂಕೇತವು ದೊರೆತಿಲ್ಲವೆಂದು ತಿಳಿಯಬೇಕು. ಸೊನ್ನೆ ಸೊನ್ನೆಯ ಸ್ಥಳವು ಆಫ್ರಿಕದ ಪಡುವಣ ಸಮುದ್ರದಲ್ಲಿದೆ. ಯಾವುದಾದರೊಂದು ಅಂಕಿಯ ಹಿಂದೆ ಕಳೆಯುವ ಚಿಹ್ನೆಯಿದ್ದರೂ ಅದು ನಮ್ಮ ದೇಶದ ಸ್ಥಳವಲ್ಲ.

7. ಕಲೆಗಳನ್ನು ದಶಮಾಂಶವೆಂದು ತಿಳಿಯಬಾರದು

ತಿರುವುಮುರುವಿಗಿಂತ ಹೆಚ್ಚು ಮೋಸದ ತಪ್ಪು ಇನ್ನೊಂದಿದೆ. 15 ಅಂಶ 53 ಕಲೆಯನ್ನು ಅವಸರದಲ್ಲಿ 15.53 ಎಂದು ಬರೆಯುವದು ಸಾಮಾನ್ಯ. ಕಲೆಗಳು 60ಕ್ಕೆ ಒಂದು ಅಂಶ. ದಶಮಾಂಶವು 100ಕ್ಕೆ ಒಂದು. ಆದ್ದರಿಂದ ಕಲೆಗಳನ್ನು 60ರಿಂದ ಭಾಗಿಸತಕ್ಕದ್ದು. 53ನ್ನು 60ರಿಂದ ಭಾಗಿಸಿದರೆ 0.883, 42ನ್ನು 60ರಿಂದ ಭಾಗಿಸಿದರೆ 0.700. ಹೀಗೆ 15.883, 75.700 ಎಂಬ ಸರಿಯಾದ ಜೋಡಿಯು ಬರುವದು. ವಿಕಲೆಗಳಿದ್ದರೆ ಅವನ್ನು 3600ರಿಂದ ಭಾಗಿಸಿ ಕೂಡಿಸಬೇಕು.

ಭಾಗಿಸದೆ 15.53, 75.42 ಎಂದು ಬರೆದರೆ ಸ್ಥಳವು ದಕ್ಷಿಣಕ್ಕೆ ಸುಮಾರು 39 ಕಿಲೋಮೀಟರ, ಪಶ್ಚಿಮಕ್ಕೆ ಸುಮಾರು 30 ಕಿಲೋಮೀಟರ ಸರಿದು, ಧಾರವಾಡ ಜಿಲ್ಲೆಯ ನವಲಗುಂದದ ಆಸುಪಾಸಿಗೆ ಹೋಗುವದು. ಅಲ್ಲಿಯೂ ಎರೆಭೂಮಿ, ಅಲ್ಲಿಯೂ ಹತ್ತಿ, ಜೋಳ, ಕಡಲೆ. ನಕಾಶೆಯನ್ನು ನೋಡಿದವನಿಗೆ ಸಂಶಯವೇ ಬಾರದು. ಆದಕಾರಣ ನಕಾಶೆಯಲ್ಲಿ ಹೊಲ ಕಂಡಿತೆಂದು ತೃಪ್ತಿಪಡದೆ, ತನ್ನ ಊರಿನ ಹೆಸರೂ ಹತ್ತಿರದ ಹಳ್ಳ ದಾರಿಗಳೂ ಕಂಡವೆಯೇ ಎಂದು ಪರೀಕ್ಷಿಸಬೇಕು.

8. ಬಿಂದುವಿನ ಮುಂದೆ ಎಷ್ಟು ಅಂಕಿ ಬೇಕು

ಒಂದು ಅಂಶ ಅಕ್ಷಾಂಶವು ನೆಲದ ಮೇಲೆ ಸುಮಾರು 110.6 ಕಿಲೋಮೀಟರ. ರೇಖಾಂಶದ ಗೆರೆಗಳು ಧ್ರುವದ ಕಡೆಗೆ ಕೂಡುತ್ತ ಹೋಗುವದರಿಂದ ಒಂದು ಅಂಶ ರೇಖಾಂಶವು ಚೊಳಚಗುಡ್ಡದಲ್ಲಿ ಸುಮಾರು 107 ಕಿಲೋಮೀಟರ ಮಾತ್ರ. ಇದರಿಂದ ದಶಮಾಂಶದ ಒಂದೊಂದು ಸ್ಥಾನದ ಬೆಲೆಯನ್ನು ಹೀಗೆ ಎಣಿಸಬಹುದು.

ಎರಡನೆಯ ಸ್ಥಾನ (0.01): ಸುಮಾರು 1.1 ಕಿಲೋಮೀಟರ. ಊರು ಗೊತ್ತಾಗುವದು, ಹೊಲ ಗೊತ್ತಾಗದು.

ಮೂರನೆಯ ಸ್ಥಾನ (0.001): ಸುಮಾರು 110 ಮೀಟರ. ಹೊಲಗಳ ಗುಂಪು ಗೊತ್ತಾಗುವದು.

ನಾಲ್ಕನೆಯ ಸ್ಥಾನ (0.0001): ಸುಮಾರು 11 ಮೀಟರ. ಮೋಜಣಿದಾರರ 33 ಅಡಿಯ ಸರಪಳಿಗಿಂತ ತುಸು ಹೆಚ್ಚು. ಎಂದರೆ ಹೆಚ್ಚು ಕಡಿಮೆ ಒಂದು ಗುಂಟೆಯ ಬದಿ.

ಐದನೆಯ ಸ್ಥಾನ (0.00001): ಸುಮಾರು 1.1 ಮೀಟರ, ಎರಡೂವರೆ ಮೊಳಕ್ಕೆ ಸ್ವಲ್ಪ ಕಡಿಮೆ.

ಆರನೆಯ ಸ್ಥಾನ (0.000001): ಸುಮಾರು 11 ಸೆಂಟಿಮೀಟರ, ಅರ್ಧ ಗೇಣು.

ಬಯಲಿನಲ್ಲಿ ಸಾಮಾನ್ಯ ಮೊಬಾಯಿಲಿನ ಖಚಿತತೆಯು ಸುಮಾರು 5 ಮೀಟರ. ಮರದ ಕೆಳಗೆ, ಗೋಡೆಯ ಮಗ್ಗುಲಿಗೆ ಅದು ಇನ್ನೂ ಕೆಡುವದು. ಆದ್ದರಿಂದ ಐದು ಸ್ಥಾನಗಳು ಸಾಕು. ಎಂಟು ಹತ್ತು ಸ್ಥಾನ ಬರೆದ ಮಾತ್ರಕ್ಕೆ ಅಳತೆಯು ಹೆಚ್ಚು ಖಚಿತವಾಗುವದಿಲ್ಲ. ಬದುವಿನ ತಂಟೆಯನ್ನು ಮೊಬಾಯಿಲಿನ ಅಂಕಿಗಳಿಂದ ಬಗೆಹರಿಸಲು ಯತ್ನಿಸಬಾರದು. ಅದು ಮೋಜಣಿ ಖಾತೆಯ ಕೆಲಸ. ಹಳೆಯ ಮುದ್ರಿತ ನಕಾಶೆಗಳು ಎವರೆಸ್ಟನ ಹೆಸರಿನ ಭೂಮಾನವನ್ನೂ ಇಂದಿನ ಯಂತ್ರಗಳು ಡಬ್ಲ್ಯೂ.ಜಿ.ಎಸ್. 84 ಎಂಬ ಭೂಮಾನವನ್ನೂ ಅನುಸರಿಸುವದರಿಂದ, ಅಂಕಿಯ ಕ್ರಮ ಸರಿಯಿದ್ದರೂ ಒಂದರಿಂದ ಇನ್ನೊಂದಕ್ಕೆ ಸ್ಥಳವು ನೂರಾರು ಅಡಿ ಸರಿದಂತೆ ತೋರಬಹುದು.

9. ಬರೆಯತಕ್ಕ ರೀತಿ

ಮೇಲಿನ ವಿಚಾರಗಳಿಂದ ಈ ಕೆಳಗಿನ ನಿಯಮಗಳು ಸಿದ್ಧವಾಗುವವು.

(1) ಬರಿಯ ಎರಡು ಅಂಕಿಗಳನ್ನು ಎಂದೂ ಬರೆಯಬಾರದು. ಪ್ರತಿಯೊಂದರ ಮುಂದೆ ಅದರ ಹೆಸರನ್ನು ಬರೆಯಬೇಕು: “ಅಕ್ಷಾಂಶ 15.883 ಉತ್ತರ, ರೇಖಾಂಶ 75.700 ಪೂರ್ವ.” ಹೆಸರಿದ್ದರೆ ಕ್ರಮವು ಹೇಗಿದ್ದರೂ ಕೆಡುಕಿಲ್ಲ.

(2) ದಿಕ್ಕನ್ನು ಪೂರ್ತಿಯಾಗಿ ಬರೆಯಬೇಕು. “ಪೂ” ಎಂಬುದು ಅವಸರದ ಬರವಣಿಗೆಯಲ್ಲಿ “ಪ” ಎಂದು ಕಂಡು, ಪೂರ್ವವು ಪಶ್ಚಿಮವಾಗುವ ಭಯವಿದೆ. ಚೊಳಚಗುಡ್ಡದ ರೇಖಾಂಶವು ಪಶ್ಚಿಮವಾದರೆ ಹೊಲವು ಜಮೈಕದ ಆಚೆಯ ಕೆರಿಬಿಯನ್ ಸಮುದ್ರದಲ್ಲಿರುವದು.

(3) ಕಾಗದದ ಮೇಲೆ, ಅರ್ಜಿಯಲ್ಲಿ, ಮಾತಿನಲ್ಲಿ ಅಕ್ಷಾಂಶವನ್ನೇ ಮೊದಲಿಡಬೇಕು. ರೇಖಾಂಶವನ್ನು 075.700 ಎಂದು ಮೂರು ಅಂಕಿಗಳಲ್ಲಿ ಆರಂಭಿಸುವ ಪದ್ಧತಿಯೂ ಮಾನಕದಲ್ಲಿದೆ. ಇದರಿಂದ ಯಾವದು ಯಾವದೆಂಬದು ನೋಡಿದೊಡನೆ ತಿಳಿಯುವದು.

(4) ಕೋಷ್ಟಕದ ಕಂಬಸಾಲುಗಳಿಗೆ “ಎಕ್ಸ್, ವೈ” ಎಂದು ಹೆಸರಿಡದೆ “ಅಕ್ಷಾಂಶ”, “ರೇಖಾಂಶ” ಎಂದೇ ಇಡಬೇಕು.

(5) ಯಂತ್ರಕ್ಕೆ ಕಡತವನ್ನು ಕೊಡುವಾಗ ಆ ಕಡತದ ನಿಯಮವನ್ನೇ ಅನುಸರಿಸಬೇಕು. ಕೆ.ಎಂ.ಎಲ್. ಕಡತದಲ್ಲಿ ಹೊಲದ ಮೇರೆಯನ್ನು ಬರೆಯುವಾಗ ರೇಖಾಂಶವು ಮೊದಲು. ಕೊನೆಯ ಬಿಂದುವು ಮೊದಲನೆಯ ಬಿಂದುವೇ ಆಗಿದ್ದು ಮೇರೆಯು ಕೂಡಿಕೊಳ್ಳಬೇಕು.

(6) ನೂರಾರು ಹೊಲಗಳ ಪಟ್ಟಿಯನ್ನು ಒಪ್ಪಿಸುವ ಮೊದಲು ಒಂದು ಪರಿಚಿತ ಸ್ಥಳದ ಅಂಕಿಗಳನ್ನು, ಉದಾಹರಣೆಗೆ ಊರ ಶಾಲೆಯದನ್ನು, ಹಾಕಿ ನೋಡಬೇಕು. ಅದು ಸರಿಯಾದಲ್ಲಿ ಬಿದ್ದರೆ ಉಳಿದವುಗಳ ಕ್ರಮವೂ ಸರಿಯಿರುವದು.

(7) ರೈತರು ತಮ್ಮ ಹೊಲದ ನಡುವೆ ನಿಂತು ಒಮ್ಮೆ ಅಂಕಿಗಳನ್ನು ನೋಡಿ, ಸರ್ವೇ ನಂಬರು ಮತ್ತು ಹಿಸ್ಸೆಯೊಡನೆ ಮನೆಯ ಪುಸ್ತಕದಲ್ಲಿ ಬರೆದಿಡಬೇಕು. ಮಳೆಗಾಲಕ್ಕೆ ಮುಂಚೆಯೇ ಇದನ್ನು ಮಾಡಿಟ್ಟುಕೊಂಡವರಿಗೆ ಆಪತ್ಕಾಲದಲ್ಲಿ ಬೇರೆಯವರನ್ನು ಕೇಳುವ ಪ್ರಸಂಗ ಬಾರದು. ಬರೆಯಲು ಬಾರದವರು ಮನೆಯ ಶಾಲೆಯ ಮಕ್ಕಳಿಂದ ಬರೆಯಿಸಬಹುದು. ಮಕ್ಕಳಿಗೂ ಅದೊಂದು ಒಳ್ಳೆಯ ಪಾಠವಾಗುವದು.

ಅಭ್ಯಾಸಕ್ಕಾಗಿ ಪ್ರಶ್ನೆಗಳು

1. ಒಂದು ಚೀಟಿಯಲ್ಲಿ 75.68, 15.92 ಎಂದಿದೆ. ಇದರಲ್ಲಿ ಯಾವದು ಮೊದಲು ಬಂದಿದೆ? ಊರು ಯಾವದು?

2. ಪಟ್ಟದಕಲ್ಲಿನ ಸ್ಥಾನವು ಸುಮಾರು 15 ಅಂಶ 57 ಕಲೆ ಉತ್ತರ, 75 ಅಂಶ 49 ಕಲೆ ಪೂರ್ವ. ಇದನ್ನು ದಶಮಾಂಶಕ್ಕೆ ತಿರುಗಿಸಿರಿ.

3. ಕೆ.ಎಂ.ಎಲ್. ಕಡತವೊಂದರಲ್ಲಿ 75.700,15.883,0 ಎಂದಿದೆ. ಇದನ್ನು ಗೂಗಲ್ ನಕಾಶೆಯಲ್ಲಿ ಹುಡುಕಲು ಹೇಗೆ ಬರೆಯಬೇಕು?

4. ಅರ್ಜಿಯೊಂದರಲ್ಲಿ ಅಕ್ಷಾಂಶವನ್ನು 15.88 ಎಂದು ಎರಡೇ ಸ್ಥಾನಗಳಲ್ಲಿ ಬರೆದಿದೆ. ಇದರಿಂದ ಎರಡು ಎಕರೆಯ ಹೊಲವನ್ನು ಗುರುತಿಸಬಹುದೇ?

ಉತ್ತರಗಳು

1. ರೇಖಾಂಶವು ಮೊದಲು ಬಂದಿದೆ, ಊರು ಬಾದಾಮಿ. 2. ಅಕ್ಷಾಂಶ 15.950 ಉತ್ತರ, ರೇಖಾಂಶ 75.817 ಪೂರ್ವ. 3. ಕೊನೆಯ ಸೊನ್ನೆಯು ಎತ್ತರವನ್ನು ತಿಳಿಸುವದು. ಅದನ್ನು ಬಿಟ್ಟು 15.883, 75.700 ಎಂದು ಬರೆಯಬೇಕು. 4. ಆಗದು, ಎರಡನೆಯ ಸ್ಥಾನವು ಕಿಲೋಮೀಟರಿನ ಲೆಕ್ಕದ್ದು. ಎರಡು ಎಕರೆಯ ಹೊಲಕ್ಕೆ ನಾಲ್ಕು ಸ್ಥಾನಗಳಾದರೂ ಬೇಕು, ಐದಿದ್ದರೆ ಉತ್ತಮ.